ರತ್ನಕ್ಕನ ಬಾವಿಗೆ ನಾನು ತಂದ ಅಪವಾದ

ಗುರುವಾರ ಬೆಳಿಗ್ಗೆ ದೇವರ ಮನೆಯ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜುತ್ತಾ ಕೂತಿದ್ದೆ. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿರುವ ಮಗಳು ಚೈತ್ರಾ ಫೋನ್ ಮಾಡಿದಳು. ಮಧ್ಯಾಹ್ನದ ಬಸ್ಸಿಗೆ ಹನಗೋಡಿಗೆ ಬರುತ್ತಾಳಂತೆ, ಬೆಳ್ಳಿ ತರುತ್ತಾಳಂತೆ. ಓದುವ ಮಗಳು ತಾಯಿಗೆ ಬೆಳ್ಳಿ ತರುವುದೆಂದರೆ ಸಣ್ಣ ಮಾತೇ? ಉಜ್ಜುತ್ತಿದ್ದ ದೀಪವೇ ಮಂಕಾಗಿ ಕಂಡಿತು.

ಆಮೇಲೆ ಕೆಲಸ ಹೇಳಿದಳು. ಅಟ್ಟದ ಮೇಲೆ ಅವಳ ಐದು ಗಾಜಿನ ಬಾಟಲಿ ಇವೆ, ಚೆನ್ನಾಗಿ ತೊಳೆದಿಡಬೇಕು. ಅಪ್ಪ ನಾಲ್ಕರಲ್ಲಿ ನಾಲ್ಕು ಕಡೆಯ ನೀರು ತುಂಬಿಸಿ ತರಬೇಕು: ನಮ್ಮ ನಲ್ಲಿ, ರತ್ನಕ್ಕನ ಬಾವಿ, ದೇವಸ್ಥಾನದ ಬಾವಿ, ಲಕ್ಷ್ಮಣತೀರ್ಥ ಹೊಳೆ. ಐದನೆಯದು ಹಾಗೇ ಇರಲಿ ಎಂದಳು.

ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ. ಬಾಟಲಿಗಳು ಕಣ್ಣು ಕುಕ್ಕುವಂತೆ ಹೊಳೆದವು. ಆದರೆ ಖಾಲಿ ಪಾತ್ರೆ ಹೊಸ್ತಿಲು ದಾಟಬಾರದು ಎಂದು ನಮ್ಮತ್ತೆ ಕಲಿಸಿದ್ದಾರೆ. ಒಳಗೆ ಚಿಟಿಕೆಯಷ್ಟಾದರೂ ಏನಾದರೂ ಇರಬೇಕು. ಸಕ್ಕರೆ ಹಾಕಿದರೆ ಇರುವೆ ಬರುತ್ತದೆ. ಅದಕ್ಕೇ ಒಂದೊಂದಕ್ಕೆ ಒಂದು ಚಿಟಿಕೆ ಪುಡಿಯುಪ್ಪು ಹಾಕಿದೆ. ಐದನೆಯದಕ್ಕೆ ಮಾತ್ರ ಯಾಕೆ ಭೇದ ಎಂದು ಅದಕ್ಕೂ ಹಾಕಿದೆ. ಒದ್ದೆ ತಳದಲ್ಲಿ ಉಪ್ಪು ಕರಗಿ ಕಾಣದಂತಾಯಿತು. ಯಜಮಾನರು ನೀರು ತುಂಬುವ ಮುಂಚೆ ಒಂದು ಸಲ ತೊಳೆಯಲೇ ಎಂದರು. ನಾನು ತೊಳೆದದ್ದನ್ನು ಇನ್ನೊಬ್ಬರು ತೊಳೆಯುವುದುಂಟೇ? ಬಿಡಲಿಲ್ಲ.

ಚೈತ್ರಾ ತಂದ ಬೆಳ್ಳಿ ಒಂದು ಶೀಶೆಯಲ್ಲಿತ್ತು. ಜೇನಿನ ಬಣ್ಣದ ನೀರು. ತುಳಸಿ ಎಲೆಯ ರಸ ಹಾಕಿ, ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದ್ದಾರಂತೆ. ನ್ಯಾನೋ ಕಣ ಎಂದಳು. ಅದು ರೋಗಾಣುಗಳನ್ನು ಕೊಲ್ಲುತ್ತದೆ, ನೀರಿನಲ್ಲಿ ಪಾದರಸದಂಥ ಕೆಟ್ಟದ್ದು ಸೇರಿದ್ದರೆ ಬಣ್ಣ ಕಳೆದುಕೊಂಡು ತಿಳಿಸುತ್ತದೆ. ತುಳಸಿ, ಬೆಳ್ಳಿ, ನೀರು! ನಾನು ಸೆರಗು ಹೊದ್ದು, ಬಲಗೈ ಚಾಚಿದೆ.

"ಅವ್ವ, ತೀರ್ಥ ಅಲ್ಲ ಇದು. ಕುಡಿಯಂಗಿಲ್ಲ," ಎಂದು ಕೈ ಸರಿಸಿದಳು.

ಜಗಲಿಯ ಮೇಲೆ ನಾಲ್ಕು ಬಾಟಲಿಗೂ ಬೆಳ್ಳಿನೀರು ಬಿಟ್ಟಳು. ನೋಡುತ್ತಿದ್ದಂತೆ ನಾಲ್ಕರಲ್ಲೂ ಜೇನಿನ ಬಣ್ಣ ಹೋಗಿ ಬೂದುಬೂದಾಯಿತು. ಮಗಳ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಎಲ್ಲೋ ತಪ್ಪಾಗಿದೆ, ಶುದ್ಧ ನೀರಿನಲ್ಲೂ ನೋಡಬೇಕು, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದು ಒಳಗೆ ಚೀಲ ತಡಕಲು ಹೋದಳು.

ಯಾರಿಗೂ ಹೇಳಲಿಲ್ಲ. ರತ್ನಕ್ಕನಿಗೆ ಮಾತ್ರ ಹೇಳಿದೆ.

ರತ್ನಕ್ಕ ಪಕ್ಕದ ಮನೆಯವರು. ಅವರೂ ತೀರಿಹೋದ ಅವರ ಯಜಮಾನರೂ ಸೇರಿ ತೋಡಿದ ಬಾವಿ ಅದು. ನಲ್ಲಿ ಕೈಕೊಟ್ಟ ದಿನ ಬೀದಿಯೆಲ್ಲ ಅಲ್ಲೇ ಸೇದುತ್ತದೆ. ಒಂದು ದಿನವೂ ಬೇಡ ಅಂದವರಲ್ಲ. ಮಾರನೆಯ ದಿನ ಅವರ ಮೊಮ್ಮಗುವಿನ ನಾಮಕರಣ. ಇಂಥವರನ್ನು ಕಾಪಾಡುವುದು ನನ್ನ ಧರ್ಮವೆಂದು, ಇಸಕೊಂಡಿದ್ದ ಜರಡಿ ವಾಪಸು ಕೊಡುವ ನೆವದಲ್ಲಿ ಹೋಗಿ ಪಿಸುಗುಟ್ಟಿದೆ. ನನ್ನ ಪಿಸುಮಾತು ಬಾವಿಕಟ್ಟೆಯ ಮೇಲಿದ್ದ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು. ಒಬ್ಬಾಕೆ ತುಂಬಿದ ಕೊಡವನ್ನು ದಾಸವಾಳದ ಬುಡಕ್ಕೆ ಸುರಿದಳು. ಉಳಿದಿಬ್ಬರು ಖಾಲಿ ಕೊಡ ಎತ್ತಿಕೊಂಡು ಹೊರಟರು.

ರತ್ನಕ್ಕ ನನ್ನನ್ನು ಬೈಯಲಿಲ್ಲ. ಹಗ್ಗ ಸುತ್ತಿ ಕಟ್ಟೆಯ ಮೇಲಿಟ್ಟರು.

"ಮಗೀಗೆ ಮೊದಲ್ನೇ ಪಾಯಸ ಅವರಜ್ಜನ ಬಾವಿ ನೀರಲ್ಲೇ ಮಾಡಾನ ಅಂತಿದ್ದೆ ಕಣೇ ಜಯಾ," ಎಂದರು. "ಓಗ್ಲಿ ಬುಡು. ಎಲ್ಲಿಂದಾದ್ರೂ ತರಿಸ್ತೀನಿ."

ಕಾಪಾಡಿದ ಸಂತೋಷ ಯಾಕೋ ಬರಲಿಲ್ಲ.

ಮನೆಗೆ ಬಂದರೆ ಚೈತ್ರಾ ಐದನೆಯ ಬಾಟಲಿಗೆ ಕಾಲೇಜಿನಿಂದ ತಂದ ಶುದ್ಧ ನೀರು ಹಾಕಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಅದೂ ಬೂದು. ಕಾಲೇಜಿನ ನೀರಿಗೂ ವಿಷ ಬೆರೆಸುವ ಕಾಲ ಬಂತಲ್ಲ ಶಿವನೇ ಎಂದೆ. ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಅವ್ವ, ಬಾಟ್ಲಿಗೆ ಏನಾದ್ರೂ ಹಾಕಿದ್ಯಾ?"

"ನಾನ್ಯಾಕೆ ಏನಾದ್ರೂ ಹಾಕ್ಲಿ? ಒಂದು ಚಿಟಿಕೆ ಉಪ್ಪು. ಅಷ್ಟೇಯ."

ಮಗಳು ಹಣೆ ಚಚ್ಚಿಕೊಂಡು ವಿವರಿಸಿದಳು. ಉಪ್ಪು ಬಿದ್ದರೂ ಆ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವಂತೆ, ಬಣ್ಣ ಕೆಡುತ್ತದಂತೆ. ಬೆಳ್ಳಿಯದೇನೂ ತಪ್ಪಿಲ್ಲ. ಅದು ಬಾವಿಯನ್ನಲ್ಲ, ನನ್ನನ್ನು ಹಿಡಿದಿತ್ತು.

ಅವಳೇ ಬಾಟಲಿಗಳನ್ನು ಶುದ್ಧ ನೀರಿನಲ್ಲಿ ಮೂರು ಸಲ ತೊಳೆದಳು. ನಾನು ದೂರ ನಿಂತೆ. ಯಜಮಾನರು ರತ್ನಕ್ಕನ ಬಾವಿಯಿಂದ ಹೊಸದಾಗಿ ನೀರು ತಂದರು. ಬೆಳ್ಳಿನೀರು ಬಿತ್ತು. ನನ್ನ ಜೀವಮಾನದಲ್ಲಿ ದೇವರ ಮುಂದೆಯೂ ಅಷ್ಟು ಭಕ್ತಿಯಿಂದ ಕಣ್ಣು ಮುಚ್ಚಿರಲಿಲ್ಲ. ತೆರೆದಾಗ ಜೇನಿನ ಬಣ್ಣ ಜೇನಿನ ಹಾಗೇ ಇತ್ತು. ಈ ಪರೀಕ್ಷೆಗೆ ಸಿಗುವ ಕೆಟ್ಟದ್ದು ಯಾವುದೂ ಇದರಲ್ಲಿಲ್ಲ, ಉಳಿದದ್ದನ್ನು ಲ್ಯಾಬಿನಲ್ಲಿ ನೋಡುತ್ತೇನೆ ಎಂದಳು ಚೈತ್ರಾ.

ಅಪವಾದ ಪಿಸುಮಾತಿನಲ್ಲಿ ಹೋಗಿತ್ತು. ಹಿಂದೆ ತರಲು ಗಟ್ಟಿ ದನಿಯೇ ಬೇಕಾಯಿತು. ಆ ಮೂವರ ಮನೆಗೂ ಹೋಗಿ ಬಾವಿಕಟ್ಟೆಗೆ ಕರೆತಂದೆ. ಉಪ್ಪಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿ, ನಾನೇ ಸೇದಿ ಒಂದು ಚೊಂಬು ನೀರು ಕುಡಿದೆ. ದಾಸವಾಳಕ್ಕೆ ಸುರಿದಾಕೆಯೇ ಮೊದಲು ಕೊಡ ಇಳಿಸಿದಳು. ರತ್ನಕ್ಕ ಕಣ್ಣೊರೆಸಿಕೊಂಡರು, ಆದರೆ ಸುಮ್ಮನಿರಲಿಲ್ಲ.

"ಸಾರಿಗೆ ಉಪ್ಪು ಮರೀತೀಯ, ಬಾಟ್ಲಿಗೆ ಗೆಪ್ತಿಯಾಗಿ ಹಾಕ್ತೀಯ. ನಾಳೆ ಬಾ, ಆದ್ರೆ ನಮ್ಮ ಅಡುಗೆ ಮನೆ ಕಡೀಕೆ ಬರಬ್ಯಾಡ."

ಮಾರನೆಯ ದಿನ ಅಜ್ಜನ ಬಾವಿಯ ನೀರಿನಲ್ಲೇ ಪಾಯಸವಾಯಿತು. ಮಗು ಒಂದು ಹನಿ ಚಪ್ಪರಿಸಿತು. ದೇವರು ನನಗೆ ಬುದ್ಧಿ ಕಡಿಮೆ ಕೊಟ್ಟರೂ ಒಳ್ಳೆಯ ನೆರೆಯವರನ್ನು ಕೊಟ್ಟಿದ್ದಾನೆ. ಮಗಳೂ ಪೂರ್ತಿ ಬೈಯಲಿಲ್ಲ, ಅರ್ಧಕ್ಕೇ ನಗು ಬಂತು ಅವಳಿಗೆ.

ಸಂಜೆ ರತ್ನಕ್ಕ ಕಳಿಸಿದ್ದ ಪಾಯಸದ ಡಬ್ಬಿ ತೊಳೆದು ವಾಪಸು ಕೊಡಬೇಕಿತ್ತು. ಖಾಲಿ ಹೇಗೆ ಕೊಡುವುದು? ಕೈ ತಾನಾಗಿ ಉಪ್ಪಿನ ಜಾಡಿಗೆ ಹೋಯಿತು. ಒಳಗಿನಿಂದ ಮಗಳು ಕೆಮ್ಮಿದಳು.

ಸಕ್ಕರೆ ಹಾಕಿದೆ. ಇರುವೆ ಬಂದರೆ ಬರಲಿ. ಹಿಂದಿನ ದಿನ ಅರ್ಧಕ್ಕೇ ಬಿಟ್ಟ ದೀಪಗಳನ್ನು ಎತ್ತಿಕೊಂಡು, ವಿಭೂತಿ ಹಾಕಿ ಉಜ್ಜಲು ಕೂತೆ.