ಕಪ್ಪೆ ತೊಳೆದ ರೈಟರ್

ನಮ್ಮ ಶನಿವಾರಸಂತೆ ಸುತ್ತಮುತ್ತ ತೊಳೆದ ಕಾಫಿಯ ಮಾತು ಬಂದರೆ ನನ್ನ ಹೆಸರು ಬರಲೇಬೇಕು. ನಾನು ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವುದು ಕೆಲಸವಾದರೂ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬಂದ ಬೀಜವನ್ನು ತೊಳೆದ ಮೇಲೆ ಅದರ ಲೋಳೆ ಹೋಗಿದೆಯೋ ಇಲ್ಲವೋ ಎಂದು ಮುಷ್ಟಿಯಲ್ಲಿ ಹಿಸುಕಿ ತೀರ್ಪು ಕೊಡುವವನೂ ನಾನೇ. ಲೋಳೆ ಉಳಿದರೆ ಕಾಫಿ ಕೆಟ್ಟಂತೆ. ನನ್ನ ಕೈಯಲ್ಲಿ ಇದುವರೆಗೆ ಉಳಿದಿಲ್ಲ.

ಇಂಥ ನನಗೆ ಒಬ್ಬಳೇ ಮಗಳು, ಸುಷ್ಮಾ. ಮೈಸೂರಿನಲ್ಲಿ ಕಪ್ಪೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಈ ವಿಷಯವನ್ನು ಕೇಳದವರಿಗೂ ಹೇಳಿದ್ದೇನೆ. ಒಂದು ಮಳೆಗಾಲದಲ್ಲಿ ಫೋನ್ ಮಾಡಿದಳು.

"ಅಪ್ಪ, ಕಪ್ಪೆ ಚರ್ಮದಲ್ಲಿ ಔಷಧಿ ಅಂಶ ಇದೆ. ಭಾನುವಾರ ಬರ್ತೀನಿ, ಕಪ್ಪೆ ಹಿಡಿಯೋಕೆ ಪರ್ಮಿಷನ್ ಅವತ್ತೊಂದೇ ದಿನ ಇರೋದು. ಎಲ್ಲಿ ಜಾಸ್ತಿ ಇದಾವೆ ಅಂತ ನೋಡಿಡಿ, ಸಾಕು."

ಸಾಕಂತೆ! ಮಗಳು ಲೋಕಕ್ಕೇ ಮದ್ದು ಹುಡುಕುವಾಗ ಅಪ್ಪ ಕೈಕಟ್ಟಿ ನಿಲ್ಲುವುದೇ? ಭಾನುವಾರ ಬೆಳಗಾಗುತ್ತಲೇ ಗದ್ದೆಗಿಳಿದೆ. ಎರಡು ಸಲ ಬಿದ್ದೆ. ಮೂರನೆಯ ಸಲ ಬಿದ್ದಾಗ ಕಪ್ಪೆಯೊಂದು ಕೈಗೆ ಸಿಕ್ಕಿತು! ತಿಂಡಿಯ ಹೊತ್ತಿಗೆ ಬಕೆಟ್ಟಿನಲ್ಲಿ ಒಂಬತ್ತು ಕಪ್ಪೆ.

ಆದರೆ ಎಲ್ಲಕ್ಕೂ ಮೈತುಂಬ ಲೋಳೆ. ಇಂಥ ಮಾಲನ್ನು ಮಗಳ ಕೈಗೆ ಕೊಟ್ಟರೆ ರೈಟರ್ ಮರ್ಯಾದೆ ಏನಾಗಬೇಕು? ಒಂದೊಂದನ್ನೇ ಎತ್ತಿ ತೊಳೆದೆ. ನಾಲ್ಕು ನೀರು ಬದಲಿಸಿದೆ. ಹೆಂಡತಿ ಗಿರಿಜಾ ಬಂದು ನೋಡಿದಳು.

"ಏನ್ರೀ, ಕಪ್ಪೆಗೆ ಸ್ನಾನ ಮಾಡಿಸ್ತಿದೀರಾ? ಅವ್ಳು ಬರೋ ತನಕ ತಡೀರಿ."

"ಅವ್ಳಿಗೆ ಚರ್ಮ ಬೇಕಂತೆ. ಚೊಕ್ಕ ಮಾಡ್ತಿದೀನಿ. ಲ್ಯಾಬಿನ ವಿಷಯ ನಿಂಗೇನು ಗೊತ್ತು?"

ಸುಷ್ಮಾ ಬಂದವಳೇ ಕೈಗವಸು ಹಾಕಿ ಒಂದು ಕಪ್ಪೆಯನ್ನು ಎತ್ತಿ ನೋಡಿದಳು. "ಇದ್ರ ಲೋಳೆ ಎಲ್ಲಪ್ಪ?"

"ಒಂದು ಚೂರೂ ಉಳಿಸಿಲ್ಲ," ಎಂದೆ ಎದೆಯುಬ್ಬಿಸಿ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಪ್ಪ, ಔಷಧಿ ಇರೋದೇ ಆ ಲೋಳೇಲಿ. ಅದ್ರಲ್ಲಿ ಪೆಪ್ಟೈಡ್ ಅಂತ ಪ್ರೋಟೀನ್ ಚೂರುಗಳಿರ್ತವೆ. ಈಗಿನ ಮಾತ್ರೆಗೆ ಬಗ್ಗದ ರೋಗಾಣುನೂ ಅವು ಸಾಯಿಸ್ಬೋದೇನೋ ಅಂತ ನಾನು ಹುಡುಕ್ತಿರೋದು. ತೊಳೆದ ನೀರಾದ್ರೂ ಎಲ್ಲಿ?"

"ಮೆಣಸಿನ ಬಳ್ಳಿ ಬುಡಕ್ಕೆ ಹಾಕ್ದೆ."

"ಬಳ್ಳಿಗಿನ್ನು ಕಾಯಿಲೆ ಬರಲ್ಲ ಬಿಡಿ," ಎಂದಳು ಗಿರಿಜಾ.

ನನಗೆ ನಗು ಬರಲಿಲ್ಲ. ಮಗಳ ಕಣ್ಣಲ್ಲಿ ನೀರು ಕಂಡಿತ್ತು. ಅವಳ ವರ್ಷಗಳ ಶ್ರಮವನ್ನು ನಾನೇ ನಾಲ್ಕು ನೀರಿನಲ್ಲಿ ತೊಳೆದುಬಿಟ್ಟಿದ್ದೆ.

ಸುಷ್ಮಾ ಎದ್ದು, ಪ್ಯಾಂಟು ಮಡಚಿ, ತೊಳೆದ ಕಪ್ಪೆಗಳನ್ನು ಗದ್ದೆಗೆ ಬಿಟ್ಟು ತಾನೇ ಹುಡುಕಲು ಇಳಿದಳು. ನಾನೂ ಒಂದು ಕಾಲು ಇಟ್ಟೆ. "ನೀವು ಬದು ಮೇಲೇ ಇರಿ ಅಪ್ಪ," ಎಂದಳು. ಸಂಜೆಯವರೆಗೆ ಕೊಡೆ ಹಿಡಿದು ನಿಂತೆ. ಐದು ಕಪ್ಪೆ ಹಿಡಿದಳು. ಲೋಳೆಯನ್ನು ಪುಟ್ಟ ಟ್ಯೂಬುಗಳಿಗೆ ತೆಗೆದುಕೊಂಡು ಕಪ್ಪೆಗಳನ್ನು ಅಲ್ಲೇ ಬಿಟ್ಟಳು. ಒಂದು ಸಲವೂ ಬೀಳಲಿಲ್ಲ. ಎಷ್ಟೆಂದರೂ ನನ್ನ ಮಗಳು!

ಈಗ ಅವಳು ಡಾಕ್ಟರ್ ಸುಷ್ಮಾ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರನ್ನು ಅಚ್ಚು ಹಾಕಿಸಿದ್ದಾಳೆ. ಅದರ ಕೆಳಗೆ, "ಕಪ್ಪೆಗಳನ್ನು ಮುಟ್ಟದೆ ದೂರ ನಿಂತು ಸಹಕರಿಸಿದ್ದಕ್ಕಾಗಿ" ಎಂದಿದೆ. ಆ ಪುಟಕ್ಕೆ ಲ್ಯಾಮಿನೇಶನ್ ಮಾಡಿಸಿ ಪ್ರತಿ ಶನಿವಾರ ಸಂತೆಗೆ ಒಯ್ದು ಎಲ್ಲರಿಗೂ ತೋರಿಸುತ್ತೇನೆ. ಹೆಸರಿನ ಕೆಳಗಿನ ಸಾಲನ್ನು ಮಾತ್ರ ಹೆಬ್ಬೆರಳಿನಿಂದ ಮುಚ್ಚಿರುತ್ತೇನೆ.