ಬೆಳಕಿಗೆ ಬಂದು ಹಲ್ಲು ಕಿರಿದವರು

ಬಿಳಿ ಅನ್ನೋದು ಒಂದೇ ಬಣ್ಣ ಅಂತ ನಂಬಿದವರು ಗುಬ್ಬಿಯ ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ದಿನಾ ಬರ್ತಾರೆ, ದಿನಾ ಏನಾದರೊಂದು ಎಡವಟ್ಟು ಆಗ್ತಾನೇ ಇರುತ್ತೆ. ನಾನಲ್ಲಿ ಅಸಿಸ್ಟೆಂಟ್. ಹೊಸ ಹಲ್ಲು ಕಟ್ಟಿಸೋರಿಗೆ ಪಕ್ಕದ ಹಲ್ಲಿಗೆ ಹೊಂದೋ ಬಣ್ಣ ಆರಿಸೋದು ನನ್ನ ಕೆಲಸ. ಟ್ಯೂಬ್‌ಲೈಟಾಗಲಿ, ಹಳದಿ ಬಲ್ಬಾಗಲಿ, ಕಣ್ಣು ಎಲ್ಲದಕ್ಕೂ ‘ಬಿಳಿ’ ಅಂತಲೇ ಹೇಳುತ್ತೆ. ಅದರ ಮಾತು ಕೇಳಿದರೆ ಕೆಟ್ಟೆವು. ಅದಕ್ಕೇ ನಾನು ಎಲ್ಲರನ್ನೂ ಬಾಗಿಲಾಚೆ ಹಗಲು ಬೆಳಕಿಗೆ ಎಳ್ಕೊಂಡು ಹೋಗಿ, ಮಾದರಿ ಹಲ್ಲು ಪಕ್ಕಕ್ಕೆ ಹಿಡಿದು ನೋಡ್ತೀನಿ.

೧. ರಸ್ತೆಯ ತೀರ್ಪು

ಕುಣಿಗಲ್ ಕಡೆಯ ಬಸ್ ಕಂಡಕ್ಟರ್ ಒಬ್ಬರನ್ನ ಹೊರಗೆ ನಿಲ್ಲಿಸಿ, “ಹಲ್ಲು ಕಿರೀರಿ ಸಾರ್” ಅಂದೆ. ಎರಡು ಮಾದರಿ ಹಿಡಿದು ಯೋಚಿಸ್ತಿದ್ದೆ. ರಸ್ತೆ ಬದಿಯ ಎಳನೀರಿನವರು ಮಚ್ಚು ಕೆಳಗಿಟ್ಟು ಬಂದರು. “ಎಡಗಡೇದು ಹಾಕವ್ವ.”

“ಬಲಗಡೇದೇ ಸರಿ ಕಣಮ್ಮ” ಅಂದರು ಹೂವಿನವರು.

ನೋಡ್ತಾ ನೋಡ್ತಾ ಗುಂಪು ಸೇರಿತು. ಕಂಡಕ್ಟರ್ ತೆರೆದ ಬಾಯಿ ತೆರೆದಂಗೇ ಇಟ್ಟು, ‘ಮುಂದಕ್ಕೆ ಹೋಗಿ, ಮುಂದಕ್ಕೆ’ ಅಂತ ಎಲ್ಲರಿಗೂ ಕೈಸನ್ನೆ ಮಾಡಿದರು.

೨. ಹಸಿರು ಹಲ್ಲು

ಹಲ್ಲುಸೆಟ್ಟು ಹಾಕಿಸ್ಕೊಂಡ ಕಡಬದ ಅಜ್ಜ ಮಾರನೇ ದಿನವೇ ಫೋನ್ ಮಾಡಿದರು. “ಹಸ್ರು ಹಲ್ಲು ಕೊಟ್ಟಿದೀಯಲ್ಲವ್ವ! ಮೊಮ್ಮಗಳು ಫೋಟೋ ತೆಗ್ದವ್ಳೆ, ನೋಡು.”

ವಾಟ್ಸಾಪಲ್ಲಿ ನೋಡಿದೆ. ನಿಜ, ಎಳೇ ಹಸಿರು. ಆದರೆ ಅಜ್ಜ ಕೂತಿದ್ದು ಹಸಿರು ಟಾರ್ಪಾಲಿನಡಿ! ಆ ಬೆಳಕಿಗೆ ನಮ್ಮ ಕಣ್ಣು ಹೊಂದ್ಕೊಂಡಷ್ಟು ಫೋನು ಹೊಂದ್ಕೊಳ್ಳಲ್ಲ. “ಬಿಸಿಲಿಗೆ ಬಂದು ಇನ್ನೊಂದು ತೆಗೆಸಿ ಅಜ್ಜ” ಅಂದೆ.

ಐದು ನಿಮಿಷಕ್ಕೆ ಮತ್ತೆ ಫೋನ್. “ಬೆಳ್ಳಗೈತೆ ಕಣವ್ವ!” ಅಜ್ಜನಿಗೆ ಖುಷಿಯೋ ಖುಷಿ.

“ಫೋಟೋದಲ್ಲಿ ನಿಮ್ಮ ಅರ್ಧ ನರೆತ ಮೀಸೆನೂ ಹಸಿರಾಗಿತ್ತಲ್ಲ, ಅದಕ್ಯಾಕೆ ಗಾಬರಿ ಆಗ್ಲಿಲ್ಲ?”

“ಮೀಸೆ ಬುಡವ್ವ, ಡೈ ಕೆಟ್ಟೈತೆ ಅಂದ್ಕಂಡೆ!”

೩. ದೊಡ್ಡ ಡಾಕ್ಟ್ರ ಪರೀಕ್ಷೆ

ತುಮಕೂರಿಂದ ವಾರಕ್ಕೊಮ್ಮೆ ಬರೋ ದೊಡ್ಡ ಡಾಕ್ಟ್ರಿಗೆ ನನ್ನ ಈ ಬಾಗಿಲಾಚೆಯ ಪದ್ಧತಿ ಕಂಡರೆ ಆಗದು. “ಬಣ್ಣ ಅಳೆಯೋಕೆ ಮಿಷನ್ ತರಿಸಿ. ಇವಳ ಕಣ್ಣು ನಂಬ್ಕೊಂಡು ಕೂತಿದೀರಲ್ಲ” ಅಂತ ನಮ್ಮ ಡಾಕ್ಟ್ರಿಗೆ ಗೊಣಗೋರು.

ಒಂದಿನ ಟೀಚರ್ ಮೇಡಂ ಒಬ್ಬರು ಬಂದಿದ್ದರು. ಅವರ ಮುಂದಿನ ಹಲ್ಲಿಗೆ ನಾನೇ ಬಣ್ಣ ಆರಿಸಿದ್ದೆ, ಹಿಂದಿನ ವಾರ ನಮ್ಮ ಡಾಕ್ಟ್ರು ಕೂರಿಸಿದ್ದರು. ದೊಡ್ಡ ಡಾಕ್ಟ್ರು ಮೇಡಮ್ಮನ್ನ ಬಾಗಿಲಾಚೆ ನಿಲ್ಲಿಸಿ ನನಗಂದರು, “ನೋಡ್ತಿರು. ಯಾವುದು ಕಟ್ಟಿಸಿದ್ದು ಅಂತ ಇಲ್ಲಿಂದಲೇ ಹೇಳ್ತೀನಿ. ಹೇಳಿಬಿಟ್ರೆ ನಾಳೆಯಿಂದ ಬಣ್ಣದ ಕೆಲಸ ನಿಂದಲ್ಲ.”

ಮೇಡಂ ನಕ್ಕರು. ದೊಡ್ಡ ಡಾಕ್ಟ್ರು ಒಂದೇ ಕ್ಷಣಕ್ಕೆ ಬೆರಳು ತೋರಿಸಿಬಿಟ್ಟರು. “ಅದೇ! ಎಷ್ಟು ಕೃತಕವಾಗಿದೆ ನೋಡು. ಕಿತ್ತು ಬೇರೆ ಮಾಡಿಸಬೇಕು.”

ಮೇಡಂ ಗಾಬರಿಯಾಗಿ ಬಾಯಿಗೆ ಸೆರಗು ಒತ್ತಿಕೊಂಡರು.

“ಬೇಡ ಸಾರ್, ಅದು ನಂದೇ! ಒಂದನೇ ಕ್ಲಾಸಿಂದ ಇದೆ!”