ನಾನು ತಾಂಡೂರಿನಲ್ಲಿ, ಅವರು ಖೇಡದಲ್ಲಿ

ನಾಯಕತ್ವದ ಬಗ್ಗೆ ಮಾತಾಡು ಎಂದರೆ ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲೆ. ಮನೆಯಲ್ಲಿ ಅವ್ವ ಇವತ್ತು ಏನು ಪಲ್ಯ ಮಾಡಲಿ ಎಂದರೆ ಮಾತ್ರ, 'ನಿನಗ ಹೆಂಗ ತಿಳೀತದ ಹಂಗ' ಎನ್ನುವ ಪೈಕಿ ನಾನು. ಇಂಥವನನ್ನೇ ಹುಡುಕಿ ನಮ್ಮ ಮೇಲಿನವರು ವಿದ್ಯಾರ್ಥಿ ನಾಯಕತ್ವ ಯೋಜನೆಗೆ ಸಂಯೋಜಕನನ್ನಾಗಿ ಮಾಡಿದರು. ನಾರಾಯಣಖೇಡದ ನಮ್ಮ ಶಾಲೆಯ ಮಕ್ಕಳೂ ತಾಂಡೂರಿನ ಒಂದು ಶಾಲೆಯ ಮಕ್ಕಳೂ ಸೇರಿ ಸಮ್ಮೇಳನ ನಡೆಸಬೇಕು. ಅಲ್ಲಿಯ ಸಂಯೋಜಕಿ ಅಂಬಿಕಾ ಮೇಡಂ.

ಅವರನ್ನು ನಾನು ನೋಡಿರಲಿಲ್ಲ. ಅವರ ಫೋನಿನ ಚಿತ್ರದಲ್ಲಿದ್ದದ್ದು ಒಂದು ಕುರಿಮರಿ. ದಿನಾ ಸಂಜೆ ಮಾತಾಡುತ್ತಿದ್ದೆವು. 'ಸಮ್ಮೇಳನ ಎಲ್ಲಿ ಇಡೋಣ್ರಿ ಮೇಡಂ?' ಎಂದರೆ, 'ನೀವು ಹೆಂಗಂತೀರಿ ಹಂಗ, ಸರ್' ಎನ್ನುವರು. 'ಛೇ, ನೀವೇ ಹೇಳ್ರಿ' ಎನ್ನುವೆನು. ಮಾತು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಹೋಗುವುದು ನನಗೂ ಬೇಕಿರಲಿಲ್ಲ. ತೀರ್ಮಾನವಾಗಿಬಿಟ್ಟರೆ ನಾಳೆ ಯಾವ ನೆವದಲ್ಲಿ ಫೋನ್ ಮಾಡಲಿ? ಇಬ್ಬರಿಗೂ ಮದುವೆಯಾಗಿಲ್ಲ ಎಂಬುದನ್ನು, ಏನೋ ಮಾತಿಗೆ ಬಂತು ಎಂಬಂತೆ, ಇಬ್ಬರೂ ತಿಳಿಸಿಬಿಟ್ಟಿದ್ದೆವು. ಆ ದನಿ ಕೇಳದ ಸಂಜೆ ನನಗೆ ಊಟ ರುಚಿಸುತ್ತಿರಲಿಲ್ಲ.

ಕೊನೆಗೆ ಎದುರಾಬದುರು ಕೂತೇ ತೀರ್ಮಾನಿಸೋಣ ಎಂದಾಯಿತು. 'ನಾನೇ ಬರ್ತೀನ್ರಿ' ಎಂದೆ. 'ಆತು ರೀ. ಆದ್ರ ನೀವು ಯಾಕ ದಣೀತೀರಿ, ನಾನೇ ಬರ್ತೀನಿ' ಎಂದರು. ನಾನೂ 'ಆತು ರೀ' ಎಂದೆ. ನಮ್ಮ ಕಡೆ, ಬರುತ್ತೇನೆ ಎಂದವರಿಗೆ ಬೇಡ ಎನ್ನುವ ಪದ್ಧತಿ ಇಲ್ಲ. ಹಾಗಂತ ಅವರನ್ನು ದಣಿಸುವುದೂ ಮರ್ಯಾದೆಯಲ್ಲ. ಹಾಗಾಗಿ ಮುಂಜಾನೆಯ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ಅವರೂ ಮರ್ಯಾದಸ್ಥರೇ.

ತಾಂಡೂರಿನ ಹತ್ತಿರದ ಅವರ ಮನೆಯಲ್ಲಿ ಅವರ ಅಪ್ಪ ಕಂಬಳಿ ಹಾಸಿ ಕೂರಿಸಿದರು. 'ಅಂಬಿಕಾ ನಿಮ್ಮನ್ನ ಕಾಣಾಕಂತ ಖೇಡಕ್ಕ ಹೋಗ್ಯಾಳಲ್ರಿ ಮಾಸ್ತರ್ರ' ಎಂದರು. ಫೋನ್ ಮಾಡಿದರೆ, 'ನಾ ನಿಮ್ಮ ಮನ್ಯಾಗ ರೊಟ್ಟಿ ತಿನ್ನಾಕತ್ತೀನ್ರಿ' ಎಂದಿತು ಆ ದನಿ. ಹಿರಿಯರು ಉಣ್ಣದೆ ಬಿಡಲಿಲ್ಲ. ಹೊಲ ಎಷ್ಟು, ಅಣ್ಣತಮ್ಮಂದಿರು ಯಾರು ಎಂದೆಲ್ಲ ವಿಚಾರಿಸಿ, ಹಟ್ಟಿಗೆ ಕರೆದೊಯ್ದು ಕುರಿ ತೋರಿಸಿದರು. ಲೋಕದಲ್ಲಿ ಜನ ಹೋಗಿ ಹೆಣ್ಣು ನೋಡಿ ಬರುತ್ತಾರೆ. ನಾನು ಕುರಿ ನೋಡಿ ಬಂದೆ. ನಾನು ನಮ್ಮ ಮನೆ ಸೇರುವಷ್ಟರಲ್ಲಿ ಅಂಬಿಕಾ ಮೇಡಂ ಹೊರಟುಹೋಗಿದ್ದರು.

'ಭಾಳ ಚಲೋ ಹುಡುಗಿ. ನೀ ಇಲ್ಲದ್ದೇ ಚಲೋ ಆತು ನೋಡು, ಮನಸು ಬಿಚ್ಚಿ ಮಾತಾಡಿದ್ಳು' ಎಂದಳು ಅವ್ವ. ಎಲ್ಲಿ ಕೂತಿದ್ದರು ಎಂದು ಕೇಳಿದೆ. ಕಿಟಕಿಯ ಬಳಿಯ ಕುರ್ಚಿ ತೋರಿಸಿದಳು. ಕೆಲಸವಿಲ್ಲದಿದ್ದರೂ ಬಹಳ ಹೊತ್ತು ಅದರಲ್ಲೇ ಕೂತಿದ್ದೆ.

ಇಷ್ಟರಲ್ಲಿ ಮಕ್ಕಳಿಗೆ ನಮ್ಮ ಮೇಲಿನ ಆಸೆ ಬಿಟ್ಟುಹೋಗಿತ್ತು. ನಮ್ಮ ವಿದ್ಯಾರ್ಥಿ ನಾಯಕಿ ಬಂದು, 'ಸಾರ್, ನಡುವ ಆಗ್ತದಂತ ಜಹೀರಾಬಾದಿನಾಗ ಇಟ್ಟೀವ್ರಿ. ನೀವಿಬ್ರೂ ಬಂದು ಸುಮ್ಮ ಕುಂತ್ರ ಸಾಕು' ಎಂದಳು. ಯೋಜನೆ ಗೆದ್ದಿತ್ತು. ನನಗೆ ಮಾತ್ರ ಬೇರೆಯದೇ ಚಿಂತೆ. ಸಮ್ಮೇಳನ ಮುಗಿದರೆ ಸಂಜೆಯ ಫೋನೂ ಮುಗಿಯಿತಲ್ಲ.

ಆ ದಿನ ಕೊನೆಯ ಸಾಲಿನಲ್ಲಿ ಪಕ್ಕಪಕ್ಕ ಕೂತೆವು. ಆ ದನಿಗೊಂದು ಮುಖ ಸಿಕ್ಕಿತ್ತು. ನೋಡಲು ನನಗೆ ಧೈರ್ಯ ಸಾಲಲಿಲ್ಲ. ಹೇಳಬೇಕಾದ್ದು ಬಾಯಿತನಕ ಬಂದು, 'ಬಿಸಲು ಭಾಳ ಅದ ಅಲ್ರಿ' ಎಂದು ಹೊರಬಿತ್ತು. 'ಹೌದ್ರಿ' ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು, ಸಮ್ಮೇಳನ ಮುಗಿಯಿತು.

ತಾಂಡೂರಿನ ಬಸ್ಸು ಹತ್ತಿದ ಮೇಲೆ ಅವರು ಕಿಟಕಿಯಿಂದ ಬಗ್ಗಿ ಹೇಳಿದರು: 'ಬರೋ ಐತಾರ ನಮ್ಮಪ್ಪನ್ನ ಕರಕೊಂಡು ನಿಮ್ಮ ಮನೀಗೆ ಬರ್ತೀನಿ. ನಿಮ್ಮ ಅವ್ವಾರಿಗೆ ಹೇಳೀನಿ. ನೀವೇನೂ ಮಾಡಬ್ಯಾಡ್ರಿ ಸರ್, ಮನ್ಯಾಗ ಇರ್ರಿ, ಅಷ್ಟೇ.'

ಭಾನುವಾರ ದೂರ ಇದೆ, ಇವತ್ತು ಇನ್ನೂ ಮಂಗಳವಾರ. ನಾನು ಶಾಲೆಗೆ ರಜೆ ಹಾಕಿ ಆಗಲೇ ಮನೆಯಲ್ಲಿದ್ದೇನೆ.